ಬೆರಳು ಒಪ್ಪದಾಗ, ಹೆಸರು ಕೂಡದಾಗ

ಸರ್ಕಾರದ ಸಹಾಯಧನಕ್ಕೆ ಹಾಕಿದ ಅರ್ಜಿ ಗುರುತಿನ ಪರಿಶೀಲನೆಯಲ್ಲಿ ನಿಂತುಹೋಗುವುದು ನಾಲ್ಕು ಕಡೆ. ಅರ್ಜಿದಾರರ ಆಧಾರ್ ಸಂಖ್ಯೆ ಚಾಲ್ತಿಯಲ್ಲಿದೆಯೇ ಎಂಬಲ್ಲಿ ಒಮ್ಮೆ. ಆ ಸಂಖ್ಯೆ ಹೇಳಿದವರು ಅದರ ಒಡೆಯರೇ ಹೌದೇ ಎಂಬಲ್ಲಿ ಇನ್ನೊಮ್ಮೆ. ಆಧಾರ್‌ನಲ್ಲಿರುವ ಹೆಸರು, ವಯಸ್ಸು ಪಡಿತರ ಚೀಟಿಯಂಥ ಬೇರೆ ದಾಖಲೆಗಳ ಜೊತೆ ಕೂಡುತ್ತವೆಯೇ ಎಂಬಲ್ಲಿ ಮತ್ತೊಮ್ಮೆ. ಕೊನೆಗೆ, ಹಣ ಸೇರಬೇಕಾದ ಬ್ಯಾಂಕ್ ಖಾತೆ ಆ ಸಂಖ್ಯೆಗೆ ಜೋಡಣೆಯಾಗಿದೆಯೇ ಎಂಬಲ್ಲಿ. ಅರ್ಜಿದಾರರ ಕಿವಿಗೆ ಬೀಳುವ ಉತ್ತರ ಮಾತ್ರ ನಾಲ್ಕಕ್ಕೂ ಒಂದೇ: ‘ಆಗಲಿಲ್ಲ, ನಾಳೆ ಬನ್ನಿ.’ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಭಾಗದ ಹಳ್ಳಿಗಳಿಂದ ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹಿಡಿದು ಬಂದವರಿಗೆ ಈ ಉತ್ತರ ಸಾಲದು. ನಾಲ್ಕು ಕಡೆಯಲ್ಲಿ ಯಾವ ಕಡೆ ನಿಂತಿತು ಎಂಬುದು ತಿಳಿದರೆ ಅರ್ಧ ಕೆಲಸ ಆದಂತೆ. ಏಕೆಂದರೆ ಒಂದೊಂದಕ್ಕೂ ಪರಿಹಾರ ಬೇರೆ, ಪರಿಹಾರ ಕೊಡುವ ಕಚೇರಿಯೂ ಬೇರೆ.

ಈ ಪರಿಶೀಲನೆ ಎದುರಾಗುವ ಯೋಜನೆಗಳಲ್ಲಿ ದೊಡ್ಡದು ಗೃಹಲಕ್ಷ್ಮಿ. ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದು ದಾಖಲಾದ ಮಹಿಳೆಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಈ ಯೋಜನೆಯ ನೋಂದಣಿ 2023ರ ಜುಲೈ 19ರಂದು ಶುರುವಾಯಿತು. ಅದೇ ವರ್ಷ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಸಿಕ್ಕಿತು. ಇದಕ್ಕೂ ಹಿಂದಿನಿಂದ ಬಂದವು ಕಂದಾಯ ಇಲಾಖೆಯ ಸಾಮಾಜಿಕ ಭದ್ರತಾ ಪಿಂಚಣಿಗಳು: 65 ದಾಟಿದವರಿಗೆ ಸಂಧ್ಯಾ ಸುರಕ್ಷಾ, ಗಂಡನನ್ನು ಕಳೆದುಕೊಂಡವರಿಗೆ ವಿಧವಾ ವೇತನ, ಅಂಗವಿಕಲರ ವೇತನ. ಕಲಬುರಗಿ ಕಡೆಯ ಹಿರಿಯರು ಇವೆಲ್ಲವನ್ನೂ ‘ಪಗಾರ’ ಎಂದೇ ಕರೆಯುತ್ತಾರೆ. ರೈತರಿಗೆ ಪಿಎಂ ಕಿಸಾನ್ ಇದೆ, ಮಕ್ಕಳಿಗೆ ವಿದ್ಯಾರ್ಥಿವೇತನ ಇದೆ. ಅರ್ಜಿ ಹಾಕುವ ಜಾಗ ಗ್ರಾಮ ಒನ್ ಇರಬಹುದು, ಬಾಪೂಜಿ ಸೇವಾ ಕೇಂದ್ರ ಇರಬಹುದು, ನಾಡಕಚೇರಿ ಇರಬಹುದು; ಗುರುತು ನೋಡುವ ಬಗೆ ಎಲ್ಲ ಕಡೆಯೂ ಒಂದೇ.

ಹಿಂದೆ ಪಿಂಚಣಿ ಮನಿಯಾರ್ಡರ್‌ನಲ್ಲಿ ಬರುತ್ತಿತ್ತು. ಅಂಚೆಯಣ್ಣನಿಗೆ ಮುಖಪರಿಚಯ ಇರುತ್ತಿತ್ತು. ಹೆಬ್ಬೆಟ್ಟಿನ ಪಕ್ಕ ಸಾಕ್ಷಿಯ ಸಹಿ ಬಿದ್ದರೆ ಸಾಕು, ಗುರುತು ಮುಗಿಯಿತು. ಆ ಪದ್ಧತಿಯಲ್ಲಿ ಸತ್ತವರ ಹೆಸರಿನಲ್ಲೂ ಹಣ ಹೋಗುತ್ತಿತ್ತು, ಬದುಕಿದ್ದವರ ಹಣ ನಡುವೆಯೇ ಸೋರುತ್ತಿತ್ತು ಎಂಬುದು ಸುಳ್ಳಲ್ಲ. ಸೋರಿಕೆ ತಡೆಯಲೆಂದು ಹಣ ನೇರ ಖಾತೆಗೆ ಹೋಗುವ ವ್ಯವಸ್ಥೆ ಬಂತು. ಅದರೊಡನೆ ಗುರುತಿಸುವ ಹೊಣೆ ಊರಿನವರ ಕಣ್ಣಿನಿಂದ ದೂರದ ದತ್ತಾಂಶ ಕೇಂದ್ರಕ್ಕೆ ಹೋಯಿತು. ಅಲ್ಲಿ ದಾಖಲೆಯಲ್ಲಿ ಇದ್ದದ್ದೇ ಸತ್ಯ. ದಾಖಲೆ ತಪ್ಪಿದ್ದರೆ ಎದುರಿಗೆ ನಿಂತ ಮನುಷ್ಯರೇ ತಪ್ಪಾಗಿ ಕಾಣುತ್ತಾರೆ.

ಸಂಖ್ಯೆಯ ಒಡೆಯರೇ ಹೌದೇ ಎಂಬ ಪರಿಶೀಲನೆಯಲ್ಲಿ ಮೊದಲು ಎದುರಾಗುವ ಅಡ್ಡಿ ಮೊಬೈಲ್ ಸಂಖ್ಯೆಯದು. ಆಧಾರ್ ಮಾಡಿಸುವಾಗ ಕೊಟ್ಟ ಸಿಮ್ ಎಂದೋ ಹೋಗಿರುತ್ತದೆ. ಎಷ್ಟೋ ಮನೆಗಳಲ್ಲಿ ಅದು ಮುಂಬೈಗೋ ಪುಣೆಗೋ ದುಡಿಯಲು ಹೋದ ಮಗನ ಸಂಖ್ಯೆ. ಒಟಿಪಿ ಅಲ್ಲಿಗೆ ಹೋಗುತ್ತದೆ, ಅರ್ಜಿದಾರರು ಇಲ್ಲಿ ಕಾಯುತ್ತಾರೆ. ಇದರ ಪರಿಹಾರ ಸುಲಭ. ಮೊಬೈಲ್ ಸಂಖ್ಯೆ ಬದಲಿಸಲು ಯಾವ ದಾಖಲೆಯೂ ಬೇಡ. ಆಧಾರ್ ಕೇಂದ್ರಕ್ಕೆ ಸ್ವತಃ ಹೋಗಿ ಬೆರಳು ಕೊಟ್ಟರೆ ಸಾಕು. ನಡೆಯಲಾಗದವರಿಗೆ ಇನ್ನೊಂದು ದಾರಿ ಇದೆ: 2021ರ ಜುಲೈಯಿಂದ ಅಂಚೆಯವರೇ ಮನೆಗೆ ಬಂದು ಮೊಬೈಲ್ ಸಂಖ್ಯೆ ಸೇರಿಸಿಕೊಡುವ ಸೇವೆ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಮೂಲಕ ನಡೆಯುತ್ತಿದೆ. ಬೇರೆ ಯಾವ ತಿದ್ದುಪಡಿಗೂ ಮುಂಚೆ ಇದನ್ನು ಮಾಡಿಸಿಕೊಳ್ಳುವುದು ಜಾಣತನ. ಮುಂದಿನ ಅರ್ಧ ಕೆಲಸಗಳಿಗೆ ಒಟಿಪಿಯೇ ಬೇಕು.

ಅದೇ ಪರಿಶೀಲನೆಯ ಇನ್ನೊಂದು ಅಡ್ಡಿ ಬೆರಳಚ್ಚು. ಈ ಐದು ಊರುಗಳ ಸುತ್ತಮುತ್ತ ಅದು ಬರಿಯ ತಾಂತ್ರಿಕ ತೊಂದರೆಯಲ್ಲ, ಜನರ ದುಡಿಮೆಯಿಂದಲೇ ಹುಟ್ಟಿದ ತೊಂದರೆ. ಶಹಾಬಾದ ಮತ್ತು ಚಿತ್ತಾಪುರದ ಗಣಿಗಳಲ್ಲಿ ಫರ್ಸಿ ಕಲ್ಲು ಎಬ್ಬಿಸುವವರು, ಅದನ್ನು ಪಾಲಿಶ್ ಮಾಡುವವರು, ಲಾರಿಗೆ ಹೇರುವವರು ದಿನವಿಡೀ ಕಲ್ಲಿನ ಅಂಚು ಹಿಡಿಯುತ್ತಾರೆ. ವಾಡಿ, ಸೇಡಂ, ಮಳಖೇಡದಲ್ಲಿ ಸಿಮೆಂಟ್ ಕಾರ್ಖಾನೆಗಳಿವೆ. ಸಿಮೆಂಟು, ಸುಣ್ಣ ಎರಡೂ ಕ್ಷಾರ, ಒದ್ದೆ ಕೈಗೆ ತಾಗಿದರೆ ಚರ್ಮ ಸುಡುತ್ತವೆ. ತೊಗರಿಯ ನಾಡೆಂದು ಹೆಸರಾದ ಈ ಜಿಲ್ಲೆಯಲ್ಲಿ ಚಳಿಗಾಲ ಬಂತೆಂದರೆ ಕೊಯ್ಲು, ರಾಶಿ. ಒಣ ಕಡ್ಡಿ ಹಿಡಿದು ಹಿಡಿದು ಬೆರಳ ತುದಿ ಸೀಳುತ್ತದೆ. ಬೆರಳಚ್ಚಿನ ಯಂತ್ರ ನೋಡುವುದು ಚರ್ಮದ ಮೇಲಿನ ಗೆರೆಗಳು ಎಲ್ಲಿ ಮುಗಿಯುತ್ತವೆ, ಎಲ್ಲಿ ಕವಲೊಡೆಯುತ್ತವೆ ಎಂಬುದನ್ನು. ಗೆರೆ ಸವೆದಲ್ಲಿ ಅದಕ್ಕೆ ಹೋಲಿಸಲು ಏನೂ ಸಿಗುವುದಿಲ್ಲ. ವಯಸ್ಸಾದಂತೆ ಚರ್ಮ ತೆಳುವಾಗಿ ಒಣಗುವುದರಿಂದ, ಪಿಂಚಣಿ ಕೇಳುವ ವಯಸ್ಸಿಗೆ ಬಂದವರಿಗೇ ಯಂತ್ರ ಹೆಚ್ಚು ಕಾಡುತ್ತದೆ. ‘ಬಟ್ಟು ಹತ್ತವಲ್ದು’ ಎಂದು ಹೇಳಿ ಹಿಂದಿರುಗುವವರಲ್ಲಿ ಮೋಸ ಮಾಡಲು ಬಂದವರಿಗಿಂತ ಬಾಳೆಲ್ಲ ಕೈಯಿಂದ ದುಡಿದವರೇ ಜಾಸ್ತಿ. ಇದನ್ನು ಕೇಂದ್ರಗಳಲ್ಲಿ ಕುಳಿತವರು ಮೊದಲು ಮನಗಾಣಬೇಕು.

ಈ ಅಡ್ಡಿಯನ್ನು ದಾಟಲು ಮಾಡಬಹುದಾದದ್ದು ಬಹಳ ಇದೆ. ಕೈಯನ್ನು ಬೆಚ್ಚನೆಯ ನೀರಿನಲ್ಲಿ ತೊಳೆದು, ತುಸು ಎಣ್ಣೆ ಹಚ್ಚಿ, ಚೆನ್ನಾಗಿ ಒರೆಸಿಕೊಂಡು ಮತ್ತೆ ಇಟ್ಟರೆ ಒಣಗಿದ ಬೆರಳು ಎಷ್ಟೋ ಸಲ ಒಪ್ಪುತ್ತದೆ. ಯಂತ್ರದ ಗಾಜನ್ನೂ ಒರೆಸಬೇಕು. ಹಿಂದಿನವರ ಬೆವರು, ಧೂಳು ಅದರ ಮೇಲೆ ಕುಳಿತಿರುತ್ತದೆ. ಹೆಬ್ಬೆರಳೇ ಬೇಕೆಂಬ ನಿಯಮ ಇಲ್ಲ. ಆಧಾರ್‌ನಲ್ಲಿ ಹತ್ತೂ ಬೆರಳಿನ ಅಚ್ಚು ಇರುತ್ತದೆ, ಯಾವುದು ಹೊಂದಿದರೂ ಗುರುತು ಸಿಕ್ಕಂತೆಯೇ. ದುಡಿಮೆಯಲ್ಲಿ ಹೆಚ್ಚು ಸವೆಯದ ಉಂಗುರ ಬೆರಳು, ಎಡಗೈಯ ಬೆರಳುಗಳನ್ನು ಒಂದೊಂದಾಗಿ ಇಟ್ಟು ನೋಡಬೇಕು. ಅದೂ ಆಗದಿದ್ದರೆ ಕಣ್ಣಿನ ಪಾಪೆಯ ಪರಿಶೀಲನೆ, ಮುಖದ ಪರಿಶೀಲನೆ, ಒಟಿಪಿ ಉಳಿದಿವೆ. ಪಿಎಂ ಕಿಸಾನ್‌ನಲ್ಲಿ 2023ರಿಂದ ಮೊಬೈಲ್ ಆ್ಯಪ್‌ನಲ್ಲಿ ಮುಖ ತೋರಿಸಿಯೇ ಇ-ಕೆವೈಸಿ ಮುಗಿಸುವ ಅವಕಾಶ ಇದೆ. ಬೆರಳೊಂದೇ ದಾರಿ ಎಂದು ಯಾರಾದರೂ ಹೇಳಿದರೆ ಅದು ಆ ಕೇಂದ್ರದಲ್ಲಿ ಬೇರೆ ಯಂತ್ರ ಇಲ್ಲ ಎಂಬ ಮಾತೇ ಹೊರತು ಕಾನೂನಿನ ಮಾತಲ್ಲ.

ಶಾಶ್ವತ ಪರಿಹಾರವೆಂದರೆ ಆಧಾರ್ ಕೇಂದ್ರದಲ್ಲಿ ಬೆರಳು, ಕಣ್ಣು, ಭಾವಚಿತ್ರ ಮೂರನ್ನೂ ಹೊಸದಾಗಿ ಕೊಡುವುದು. ಹತ್ತು ಹದಿನೈದು ವರ್ಷದ ಹಿಂದೆ ಕೊಟ್ಟ ಅಚ್ಚಿಗೂ ಇಂದಿನ ಕೈಗೂ ಬಹಳ ಅಂತರ ಬಂದಿರುತ್ತದೆ. 2025ರ ಅಕ್ಟೋಬರ್ 1ರಿಂದ ಇದಕ್ಕೆ 125 ರೂಪಾಯಿ, ಹೆಸರು ವಿಳಾಸಗಳ ತಿದ್ದುಪಡಿ ಮಾತ್ರ ಆದರೆ 75 ರೂಪಾಯಿ ಶುಲ್ಕ. ಎರಡನ್ನೂ ಒಂದೇ ಸಲ ಮಾಡಿಸಿದರೆ 125ರಲ್ಲಿಯೇ ಮುಗಿಯುತ್ತದೆ. ಆದರೆ ಹೊತ್ತು ನೋಡಿ ಹೋಗಬೇಕು. ಬೆರಳ ಗೆರೆಯ ಮೂಲ ಚರ್ಮದ ಒಳಪದರದಲ್ಲಿದೆ. ಮೇಲ್ಪದರ ಸವೆದರೂ ಕೆಲವು ವಾರ ಕೆಲಸದಿಂದ ಬಿಡುವು ಸಿಕ್ಕರೆ ಅದೇ ಗೆರೆ ಮತ್ತೆ ಮೂಡುತ್ತದೆ. ತೊಗರಿ ರಾಶಿಯ ನಡುವೆ, ಗಣಿಯ ಕೆಲಸ ಜೋರಾಗಿರುವಾಗ ಹೋಗಿ ಸೀಳಿದ ಬೆರಳಿನ ಅಚ್ಚನ್ನೇ ಕೊಟ್ಟುಬಂದರೆ ಹೊಸ ದಾಖಲೆಯೂ ಹಳೆಯದರಷ್ಟೇ ಕೆಡುತ್ತದೆ. ಬೆರಳೇ ಇಲ್ಲದವರು, ಕುಷ್ಠರೋಗದಿಂದ ಕೈ ಕಳೆದುಕೊಂಡವರು ಕೂಡ ಆಧಾರ್‌ಗೆ ಅರ್ಹರು. ಕೇರಳದ ಕೊಟ್ಟಾಯಂ ಜಿಲ್ಲೆಯಲ್ಲಿ ಬೆರಳುಗಳಿಲ್ಲದ ಮಹಿಳೆಯೊಬ್ಬರಿಗೆ ನೋಂದಣಿ ನಿರಾಕರಿಸಿದ ಸಂಗತಿ 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರದ ಗಮನಕ್ಕೆ ಬಂದಾಗ, ಬೆರಳಿಲ್ಲದಿದ್ದರೆ ಕಣ್ಣಿನ ಪಾಪೆಯಿಂದ, ಅದೂ ಆಗದಿದ್ದರೆ ಎರಡೂ ಇಲ್ಲದೆಯೇ ನೋಂದಾಯಿಸಬೇಕು ಎಂಬ ಸೂಚನೆ ಮತ್ತೊಮ್ಮೆ ಹೋಯಿತು.

ಕೇಂದ್ರದವರ ಪರದೆಯ ಮೇಲೆ ‘ವಿಫಲ’ ಎಂಬುದರ ಜೊತೆಗೆ ಮೂರಂಕಿಯ ಒಂದು ಸಂಕೇತವೂ ಬರುತ್ತದೆ. ಅದನ್ನು ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳುವುದು ಅರ್ಜಿದಾರರು ಮಾಡಬಹುದಾದ ಬಹು ಉಪಯುಕ್ತ ಕೆಲಸ. 300 ಎಂದರೆ ಬೆರಳು ಅಥವಾ ಕಣ್ಣು ಹೊಂದಲಿಲ್ಲ. 100 ಎಂದರೆ ಹೆಸರು, ಹುಟ್ಟಿದ ದಿನದಂಥ ವಿವರ ಹೊಂದಲಿಲ್ಲ. 111 ಎಂದರೆ ಆಧಾರ್‌ಗೆ ಮೊಬೈಲ್ ಸಂಖ್ಯೆ ಇಲ್ಲ. 811 ಎಂದರೆ ದಾಖಲೆಯಲ್ಲಿ ಬೆರಳಚ್ಚೇ ಇಲ್ಲ. 330 ಬಂದರೆ ಬೆರಳಿನದೇನೂ ದೋಷವಿಲ್ಲ, ಆಧಾರ್‌ನ ಒಡೆಯರೇ ಬೆರಳಚ್ಚಿಗೆ ಬೀಗ ಹಾಕಿಸಿದ್ದಾರೆ ಎಂದರ್ಥ. 2023ರಲ್ಲಿ ಬೆರಳಚ್ಚು ಕದ್ದು ಬ್ಯಾಂಕ್ ಖಾತೆಯಿಂದ ಹಣ ತೆಗೆದ ಪ್ರಕರಣಗಳು ಕರ್ನಾಟಕದಲ್ಲಿ ಬೆಳಕಿಗೆ ಬಂದ ಮೇಲೆ ಅನೇಕರು ಹೀಗೆ ಬೀಗ ಹಾಕಿಸಿಕೊಂಡರು. ಮನೆಯ ಹುಡುಗರು ಮೊಬೈಲ್‌ನಲ್ಲಿ ಮಾಡಿಟ್ಟದ್ದು ಹಿರಿಯರಿಗೆ ಗೊತ್ತಿರುವುದಿಲ್ಲ. ಒಟಿಪಿ ಬಳಸಿ ಬೀಗ ತೆಗೆಯಬಹುದು. ತಾತ್ಕಾಲಿಕವಾಗಿ ತೆಗೆದದ್ದು ಹತ್ತು ನಿಮಿಷದಲ್ಲಿ ಮತ್ತೆ ಬೀಳುವುದರಿಂದ ಯಂತ್ರದ ಮುಂದೆ ಕುಳಿತ ಮೇಲೆಯೇ ತೆಗೆಯಬೇಕು.

996, 997, 998 ಬಂದರೆ ಅರ್ಜಿ ಮೊದಲ ಕಡೆಯಲ್ಲೇ ನಿಂತಿದೆ, ಆಧಾರ್ ಸಂಖ್ಯೆಗೇ ತೊಡಕು: ರದ್ದಾಗಿದೆ, ಅಮಾನತಿನಲ್ಲಿದೆ, ಅಥವಾ ಸಂಖ್ಯೆ ಸರಿಯಿಲ್ಲ. ಮೊದಲು ಸಂಖ್ಯೆಯನ್ನು ಮತ್ತೊಮ್ಮೆ ಓದಿ ನೋಡಬೇಕು. ಒಂದು ಅಂಕಿ ಆಚೀಚೆಯಾದರೂ 998 ಬರುತ್ತದೆ. ಸಂಖ್ಯೆ ಸರಿಯಿದ್ದು ತೊಡಕು ಉಳಿದರೆ ಆಧಾರ್ ಸಹಾಯವಾಣಿ 1947ಕ್ಕೆ ಕರೆಮಾಡಿ ಕಾರಣ ಕೇಳಬೇಕು. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಬದುಕಿರುವವರು ಸತ್ತಿದ್ದಾರೆಂದು ದಾಖಲಾದ ಪ್ರಸಂಗಗಳೂ ಇರುತ್ತವೆ. ಅಂಥವರು ಸ್ವತಃ ತಹಶೀಲ್ದಾರ ಕಚೇರಿಗೆ ಹೋಗಿ ಲಿಖಿತ ದೂರು ಕೊಟ್ಟು, ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಗೂ ಪ್ರತಿ ಕಳಿಸಬೇಕು.

ಮೂರನೆಯ ಅಡ್ಡಿಯಾದ ಹೆಸರಿನ ವ್ಯತ್ಯಾಸ ಕಲ್ಯಾಣ ಕರ್ನಾಟಕದಲ್ಲಿ ಬಹಳ ಹಳೆಯ ಬೇರುಗಳಿಂದ ಬಂದದ್ದು. 1956ರವರೆಗೆ ಈ ಪ್ರದೇಶ ಹೈದರಾಬಾದ್ ರಾಜ್ಯದಲ್ಲಿತ್ತು. ಹೊಲದ ಹಳೆಯ ಕಾಗದಗಳು ಉರ್ದುವಿನಲ್ಲಿವೆ. ಅದರಿಂದ ಕನ್ನಡಕ್ಕೆ, ಕನ್ನಡದಿಂದ ಗಣಕಯಂತ್ರದ ಇಂಗ್ಲಿಷಿಗೆ ಬರುವ ಹೊತ್ತಿಗೆ ಒಂದೇ ಹೆಸರು ಮೂರು ರೂಪ ತಾಳುತ್ತದೆ. ಶಾಂತಾಬಾಯಿ ಒಂದು ಕಡೆ ಶಾಂತಮ್ಮ, ಸೀತಮ್ಮ ಇನ್ನೊಂದು ಕಡೆ ಸೀತಾಬಾಯಿ. ಖಾಜಾಬೀ ಪಡಿತರ ಚೀಟಿಯಲ್ಲಿ ಖಾಜಾ ಬೇಗಂ ಆಗುತ್ತಾರೆ. ಮಹ್ಮದ್ ಎಂಬ ಹೆಸರು ಕೆಲವು ಕಡೆ ಪೂರ್ತಿ ಇರುತ್ತದೆ, ಕೆಲವು ಕಡೆ ‘ಎಂಡಿ’ ಎಂಬ ಎರಡು ಅಕ್ಷರಕ್ಕೆ ಇಳಿಯುತ್ತದೆ. ತಂದೆಯ ಹೆಸರನ್ನು ‘ತಂ.’ ಎಂದೂ ಗಂಡನ ಹೆಸರನ್ನು ‘ಗಂ.’ ಎಂದೂ ಜೊತೆಗೆ ಬರೆಯುವುದು ಇಲ್ಲಿನ ರೂಢಿ. ಹೆಸರು ನಮೂದಿಸಿದವರು ಆ ಅಕ್ಷರವನ್ನೂ ಹೆಸರಿನ ಭಾಗವೆಂದೇ ಸೇರಿಸಿದರೆ ಮುಂದೆ ಯಾವ ದಾಖಲೆಯೂ ಅದಕ್ಕೆ ಹೊಂದುವುದಿಲ್ಲ. ಕೆಲವು ಮನೆತನಗಳಲ್ಲಿ ಮದುವೆಯ ದಿನ ಸೊಸೆಗೆ ಹೊಸ ಹೆಸರಿಡುತ್ತಾರೆ: ಶಾಲೆಯ ದಾಖಲೆಯಲ್ಲಿ ತವರಿನ ಹೆಸರು, ಪಡಿತರ ಚೀಟಿಯಲ್ಲಿ ಗಂಡನ ಮನೆಯ ಹೆಸರು.

ಚಿಂಚೋಳಿ ಮತ್ತು ಸೇಡಂ ತಾಲೂಕುಗಳು ತೆಲಂಗಾಣದ ಗಡಿಗೆ ಹತ್ತಿಕೊಂಡಿವೆ. ತಾಂಡೂರು, ಜಹೀರಾಬಾದ್ ಸಂತೆಗೂ ಆಸ್ಪತ್ರೆಗೂ ಹತ್ತಿರ. ನೆಂಟಸ್ತನವೂ ಆ ಕಡೆ ಇದೆ. ಕೊಂಚಾವರಂ ಸುತ್ತಿನ ತಾಂಡಾಗಳಿಂದ, ಬೆಟ್ಟದಂಚಿನ ಹಳ್ಳಿಗಳಿಂದ ಹೈದರಾಬಾದ್, ಪುಣೆ, ಮುಂಬೈಗೆ ಕಟ್ಟಡದ ಕೆಲಸಕ್ಕೆ ಹೋದವರು ಆಧಾರನ್ನು ಅಲ್ಲಿಯೇ ಮಾಡಿಸಿದ್ದಾರೆ. ಅವರ ಕಾರ್ಡಿನಲ್ಲಿ ತೆಲುಗು ಇಲ್ಲವೆ ಮರಾಠಿ ಅಕ್ಷರ, ಅಲ್ಲಿನ ವಿಳಾಸ, ಅಲ್ಲಿನವರು ಕೇಳಿಸಿಕೊಂಡಂತೆ ಬರೆದ ಹೆಸರು. ಮದುವೆಯಾಗಿ ಬಂದ ಹೆಣ್ಣುಮಕ್ಕಳ ಹೆಸರು ಆ ರಾಜ್ಯದ ಪಡಿತರ ಚೀಟಿಯಲ್ಲಿಯೇ ಉಳಿದಿರುತ್ತದೆ. ಒಂದು ಆಧಾರ್ ಸಂಖ್ಯೆ ಎರಡು ಪಡಿತರ ಚೀಟಿಯಲ್ಲಿ ಇರುವಂತಿಲ್ಲ. ಆದ್ದರಿಂದ ಮೊದಲು ಅಲ್ಲಿ ಹೆಸರು ತೆಗೆಸಿ, ತೆಗೆದ ಬಗ್ಗೆ ಪತ್ರ ತಂದು, ಆಮೇಲೆ ಇಲ್ಲಿ ಸೇರಿಸಬೇಕು. ಅರ್ಜಿಯನ್ನು ಹತ್ತು ಸಲ ಹಾಕಿದರೂ ಈ ಕ್ರಮ ತಪ್ಪುವುದಿಲ್ಲ.

ಹೆಸರು ಕೂಡದಿದ್ದಾಗ ಯಾವ ದಾಖಲೆಯನ್ನು ತಿದ್ದಬೇಕು ಎಂಬುದೇ ಮುಖ್ಯ ಪ್ರಶ್ನೆ. ಆಧಾರನ್ನೇ ತಿದ್ದಬೇಕೆಂದು ಎಲ್ಲರೂ ಅವಸರ ಮಾಡುತ್ತಾರೆ, ಅದು ಯಾವಾಗಲೂ ಸರಿಯಲ್ಲ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡು ಸಲ ಮಾತ್ರ ಅವಕಾಶ, ಹುಟ್ಟಿದ ದಿನಾಂಕ ಬದಲಿಸಲು ಒಂದೇ ಸಲ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಮತದಾರರ ಚೀಟಿ, ಪಹಣಿ ಎಲ್ಲವನ್ನೂ ಒಟ್ಟಿಗೆ ಹರಡಿಕೊಂಡು, ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಹೋಲಿಸಿ ನೋಡಬೇಕು. ಉಳಿದೆಲ್ಲ ಕೂಡಿಕೊಂಡು ಪಡಿತರ ಚೀಟಿಯೊಂದೇ ಬೇರೆ ಇದ್ದರೆ ತಿದ್ದಬೇಕಾದದ್ದು ಪಡಿತರ ಚೀಟಿ. ಆಧಾರ್ ಒಂದೇ ಬೇರೆ ಇದ್ದರೆ ಮಾತ್ರ ಆಧಾರ್. ಬೇರೆ ದಾಖಲೆ ಇಲ್ಲದವರು ಆಧಾರ್ ಪ್ರಾಧಿಕಾರ ನಿಗದಿಪಡಿಸಿದ ನಮೂನೆಯಲ್ಲಿ ತಹಶೀಲ್ದಾರ ಅಥವಾ ಗೆಜೆಟೆಡ್ ಅಧಿಕಾರಿಯಿಂದ ಪ್ರಮಾಣಪತ್ರ ಪಡೆದು ಕೊಡಬಹುದು. ಆಧಾರ್ ಕಾರ್ಡಿನಲ್ಲಿ ತಂದೆಯ ಹೆಸರಿದೆ, ಗಂಡನ ಹೆಸರಿಲ್ಲ ಎಂದು ಅರ್ಜಿ ಹಿಂದಿರುಗಿಸುವುದು ಕೇಳಿಬರುತ್ತದೆ. ಆ ಹೆಸರು ವಿಳಾಸದ ಭಾಗವಾಗಿ ಅಚ್ಚಾಗುವಂಥದ್ದು. ಗುರುತಿನ ಪರಿಶೀಲನೆಗೂ ಅದಕ್ಕೂ ಸಂಬಂಧ ಇಲ್ಲ.

ವಯಸ್ಸಿನ ವಿಷಯ ಇನ್ನೂ ಸೂಕ್ಷ್ಮ. ಹುಟ್ಟಿದ ದಿನ ಗೊತ್ತಿಲ್ಲದ ಹಿರಿಯರಿಗೆ ನೋಂದಣಿಯ ದಿನ ಅಂದಾಜಿನ ವರ್ಷ ಬರೆದು ಜನವರಿ 1 ಹಾಕಲಾಗಿದೆ. ಅಂದಾಜಿನ ವಯಸ್ಸು ಐದು ವರ್ಷ ಕಡಿಮೆ ಆಗಿದ್ದರೆ, ಸಂಧ್ಯಾ ಸುರಕ್ಷಾ ಐದು ವರ್ಷ ತಡವಾಗಿ ಬರುತ್ತದೆ. ಆಧಾರ್ ಕಾರ್ಡು ಹುಟ್ಟಿದ ದಿನಾಂಕಕ್ಕೆ ಪುರಾವೆಯಲ್ಲ ಎಂದು ಪ್ರಾಧಿಕಾರವೇ ಹೇಳಿದೆ. 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಅಪಘಾತ ಪರಿಹಾರದ ಒಂದು ಪ್ರಕರಣದಲ್ಲಿ ಶಾಲಾ ದಾಖಲೆಯನ್ನು ಎತ್ತಿಹಿಡಿದು ಆಧಾರ್‌ನ ದಿನಾಂಕವನ್ನು ಬದಿಗಿಟ್ಟಿತು. ಎರಡೇ ವರ್ಷ ಶಾಲೆಗೆ ಹೋಗಿದ್ದರೂ ಆ ಶಾಲೆಯ ದಾಖಲಾತಿ ಪುಸ್ತಕದ ಉತಾರೆ ತೆಗೆಸುವುದು ವ್ಯರ್ಥವಾಗದು. ದಿನಾಂಕ ತಿದ್ದಲು ಒಂದೇ ಅವಕಾಶ ಇರುವುದರಿಂದ ಗಟ್ಟಿ ದಾಖಲೆ ಕೈಗೆ ಬರುವವರೆಗೆ ಆ ಅವಕಾಶವನ್ನು ಖರ್ಚು ಮಾಡಬಾರದು.

ಗೃಹಲಕ್ಷ್ಮಿಗೆ ಪಡಿತರ ಚೀಟಿಯೇ ಆಧಾರಸ್ತಂಭ. ಚೀಟಿಯಲ್ಲಿ ಗಂಡಸು ಯಜಮಾನನಾಗಿ ಉಳಿದಿದ್ದರೆ, ತೀರಿಹೋದ ಅತ್ತೆಯ ಹೆಸರೇ ಮೊದಲು ಇದ್ದರೆ ಅರ್ಜಿ ಮುಂದೆ ಹೋಗದು. ಮರಣ ಪ್ರಮಾಣಪತ್ರ ಕೊಟ್ಟು ತೀರಿಕೊಂಡವರ ಹೆಸರು ತೆಗೆಸಿ, ಯಜಮಾನಿಯ ಹೆಸರು ಬದಲಿಸಿ, ಮನೆಯವರೆಲ್ಲರ ಇ-ಕೆವೈಸಿಯನ್ನು ರೇಷನ್ ಅಂಗಡಿಯಲ್ಲಿ ಮುಗಿಸಿದ ಮೇಲೆ ನೋಂದಣಿ ಸಾಧ್ಯ. ಈ ತಿದ್ದುಪಡಿಗೆ ಆಹಾರ ಇಲಾಖೆಯ ತಂತ್ರಾಂಶ ಆಗಾಗ ಕೆಲವೇ ದಿನ ತೆರೆಯುತ್ತದೆ, ಆ ದಿನಗಳ ಸುದ್ದಿ ಹಳ್ಳಿಗೆ ಮುಟ್ಟುವಷ್ಟರಲ್ಲಿ ಮುಚ್ಚಿರುತ್ತದೆ. ದಿನಾಂಕವನ್ನು ವಾರ ಮುಂಚೆ ರೇಷನ್ ಅಂಗಡಿಯ ಬಾಗಿಲಿಗೆ ಅಂಟಿಸುವುದು ಕಷ್ಟದ ಕೆಲಸವೇನಲ್ಲ. ಇನ್ನೊಂದು ಬಗೆಯ ತಿರಸ್ಕಾರ ಉಂಟು: ಅರ್ಜಿದಾರರು ಅಥವಾ ಅವರ ಗಂಡ ಆದಾಯ ತೆರಿಗೆ ಇಲ್ಲವೆ ಜಿಎಸ್‌ಟಿ ಕಟ್ಟುವವರು ಎಂದು ದಾಖಲೆ ಹೇಳುತ್ತದೆ. ಸಾಲಕ್ಕೋ ಕೆಲಸಕ್ಕೋ ಯಾರೋ ಪಾನ್ ಕಾರ್ಡ್ ಬಳಸಿದ್ದರಿಂದ ಹೀಗಾಗಿರಬಹುದು. ತೆರಿಗೆ ಕಟ್ಟುವವರಲ್ಲ ಎಂಬ ದೃಢೀಕರಣವನ್ನು ಸಂಬಂಧಪಟ್ಟ ತೆರಿಗೆ ಕಚೇರಿಯಿಂದ ಪಡೆದು ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಕೊಡಬೇಕು.

ನಾಲ್ಕನೆಯ ಅಡ್ಡಿ ಬ್ಯಾಂಕಿನದು. ಇಲ್ಲಿ ತಪ್ಪು ತಿಳಿವಳಿಕೆ ಹೆಚ್ಚು. ಬ್ಯಾಂಕಿಗೆ ಆಧಾರ್ ಪ್ರತಿ ಕೊಟ್ಟ ಮಾತ್ರಕ್ಕೆ ಹಣ ಬರುವ ದಾರಿ ತೆರೆಯುವುದಿಲ್ಲ. ರಾಷ್ಟ್ರೀಯ ಪಾವತಿ ನಿಗಮದ ನಕ್ಷೆಯಲ್ಲಿ ಒಂದು ಆಧಾರ್ ಸಂಖ್ಯೆಯ ಎದುರು ಒಂದೇ ಬ್ಯಾಂಕಿನ ಹೆಸರಿರುತ್ತದೆ; ಕೊನೆಗೆ ಯಾವ ಬ್ಯಾಂಕಿನಲ್ಲಿ ಜೋಡಿಸಿದರೋ ಹಣ ಅಲ್ಲಿಗೇ ಹೋಗುತ್ತದೆ. ಅರ್ಜಿಯಲ್ಲಿ ಬರೆದ ಖಾತೆ ಸಂಖ್ಯೆಗೆ ಅಲ್ಲಿ ಬೆಲೆಯಿಲ್ಲ. ಸ್ತ್ರೀಶಕ್ತಿ ಸಂಘಕ್ಕೊಂದು, ಉದ್ಯೋಗ ಖಾತರಿಗೊಂದು, 2014ರ ಆಗಸ್ಟ್‌ನಲ್ಲಿ ಶುರುವಾದ ಜನಧನದಲ್ಲೊಂದು ಎಂದು ಮೂರು ಖಾತೆ ಇರುವ ಹೆಣ್ಣುಮಕ್ಕಳು ಬಹಳ ಮಂದಿ. ಗೃಹಲಕ್ಷ್ಮಿ ಬಂದಿಲ್ಲ ಎಂದು ಅಲೆಯುತ್ತಿರುವಾಗ ಹಣ ಮರೆತ ಖಾತೆಯಲ್ಲಿ ತಿಂಗಳು ತಿಂಗಳು ಸೇರಿರುತ್ತದೆ. ಡಿಬಿಟಿ ಕರ್ನಾಟಕ ಎಂಬ ಆ್ಯಪ್‌ನಲ್ಲಿ ಆಧಾರ್ ಸಂಖ್ಯೆ ಮತ್ತು ಒಟಿಪಿ ಹಾಕಿದರೆ ಯಾವ ಯೋಜನೆಯ ಹಣ ಯಾವ ಬ್ಯಾಂಕಿಗೆ ಹೋಯಿತು, ಹೋಗದಿದ್ದರೆ ಏಕೆ ಎಂಬುದು ಕಾಣುತ್ತದೆ. ಅರ್ಜಿ ಮತ್ತೆ ಹಾಕುವ ಮೊದಲು ಇದನ್ನು ನೋಡಬೇಕು.

ಈ ಭಾಗದ ಬ್ಯಾಂಕುಗಳ ಹೆಸರೇ ಬದಲಾಗಿರುವುದು ಗೊಂದಲವನ್ನು ಹೆಚ್ಚಿಸಿದೆ. ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ 2017ರ ಏಪ್ರಿಲ್ 1ರಂದು ಎಸ್‌ಬಿಐಯಲ್ಲಿ, ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಲೀನವಾದವು. ಹಳೆಯ ಪಾಸ್‌ಬುಕ್ ಹಿಡಿದು ಬಂದವರ ಖಾತೆ ಬಹುಪಾಲು ಹೊಸ ಬ್ಯಾಂಕಿನಲ್ಲಿ ಇದ್ದೇ ಇರುತ್ತದೆ. ಆದರೆ ಎರಡು ವರ್ಷ ವ್ಯವಹಾರ ನಡೆಯದ ಖಾತೆ ನಿಷ್ಕ್ರಿಯವಾಗುತ್ತದೆ. ಹತ್ತು ವರ್ಷ ತುಂಬಿದ ಜನಧನ ಖಾತೆಗಳಿಗೆ ಮತ್ತೆ ಕೆವೈಸಿ ಬೇಕಾಗುತ್ತದೆ. ಇದಕ್ಕಾಗಿಯೇ 2025ರ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಗ್ರಾಮ ಪಂಚಾಯಿತಿಗಳಲ್ಲಿ ಶಿಬಿರಗಳು ನಡೆದವು. ತಪ್ಪಿಸಿಕೊಂಡವರು ಶಾಖೆಗೆ ಹೋಗಿ ಕೆವೈಸಿ ಕೊಟ್ಟು, ಅದರ ಜೊತೆಗೇ ಆಧಾರ್ ಜೋಡಣೆಯ ಒಪ್ಪಿಗೆ ಪತ್ರಕ್ಕೂ ಸಹಿ ಹಾಕಿ, ಸ್ವೀಕೃತಿ ಪಡೆಯಬೇಕು. ಒಬ್ಬರ ಆಧಾರ್ ಇನ್ನೊಬ್ಬರ ಖಾತೆಗೆ ಜೋಡಣೆಯಾಗಿದ್ದರೆ ಬ್ಯಾಂಕಿಗೆ ಬರಹದಲ್ಲಿ ದೂರು ಕೊಡಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. ಅದರ ಮಾಹಿತಿಗೆ 14448.

ಇಷ್ಟೆಲ್ಲ ಮಾಡುವವರೆಗೆ ಸಹಾಯಧನ ನಿಲ್ಲಬೇಕೇ? ಕಾನೂನು ಹಾಗೆ ಹೇಳುವುದಿಲ್ಲ. 2016ರ ಆಧಾರ್ ಕಾಯ್ದೆಯ 7ನೇ ಕಲಮು ಸಹಾಯಧನಕ್ಕೆ ಆಧಾರ್ ಕೇಳಲು ಅಧಿಕಾರ ಕೊಡುತ್ತದೆ. ಅದೇ ಕಲಮು, ಸಂಖ್ಯೆ ಇನ್ನೂ ಸಿಗದವರಿಗೆ ಗುರುತಿನ ಬೇರೆ ದಾರಿ ಒದಗಿಸಬೇಕು ಎಂದೂ ಹೇಳುತ್ತದೆ. 2017ರ ಸೆಪ್ಟೆಂಬರ್‌ನಲ್ಲಿ ಜಾರ್ಖಂಡ್‌ನ ಸಿಮ್ಡೇಗಾ ಜಿಲ್ಲೆಯಲ್ಲಿ, ಆಧಾರ್ ಜೋಡಣೆಯಾಗದೆ ಪಡಿತರ ಚೀಟಿ ರದ್ದಾಗಿದ್ದ ಕುಟುಂಬದ ಹನ್ನೊಂದು ವರ್ಷದ ಬಾಲಕಿ ತೀರಿಕೊಂಡಳು. ಹಸಿವಿನಿಂದ ಎಂದು ಮನೆಯವರು ಹೇಳಿದರು, ಸರ್ಕಾರ ಅಲ್ಲಗಳೆಯಿತು. ಅದೇ ವರ್ಷ ಅಕ್ಟೋಬರ್ 24ರಂದು ಆಧಾರ್ ಪ್ರಾಧಿಕಾರ ಹೊರಡಿಸಿದ ಸುತ್ತೋಲೆ ಸ್ಪಷ್ಟವಾಗಿದೆ: ಬೆರಳು ಹೊಂದದಿದ್ದರೆ ಒಟಿಪಿ ನೋಡಬೇಕು, ಅದೂ ಆಗದಿದ್ದರೆ ಕಾರ್ಡು ನೋಡಿ, ಪುಸ್ತಕದಲ್ಲಿ ಬರೆದುಕೊಂಡು ಸೌಲಭ್ಯ ಕೊಡಬೇಕು, ತಾಂತ್ರಿಕ ಕಾರಣಕ್ಕೆ ಯಾರನ್ನೂ ಬರಿಗೈಯಲ್ಲಿ ಕಳಿಸಬಾರದು. ಮರುವರ್ಷ ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಆಧಾರ್ ಪ್ರಕರಣದ ತೀರ್ಪು ಕೊಟ್ಟಾಗ, ಪರಿಶೀಲನೆ ವಿಫಲವಾಯಿತೆಂದು ಅರ್ಹರಿಗೆ ಸೌಲಭ್ಯ ತಪ್ಪಬಾರದು ಎಂಬ ಸರ್ಕಾರದ ಭರವಸೆಯನ್ನು ದಾಖಲಿಸಿ ಅದರಂತೆ ನಡೆಯಲು ಸೂಚಿಸಿತು. ಆ ಪ್ರಕರಣವನ್ನು 2012ರಲ್ಲಿ ಹೂಡಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಹಕ್ಕು ಕೈಗೆ ಬರಬೇಕಾದರೆ ಕಾಗದ ಬೇಕು. ನಾಡಕಚೇರಿಯ ಅರ್ಜಿಗೆ ‘ಆರ್‌ಡಿ’ಯಿಂದ ಶುರುವಾಗುವ ಸಂಖ್ಯೆ ಬರುತ್ತದೆ, ಸಕಾಲ ಕಾಯ್ದೆಗೆ ಒಳಪಟ್ಟ ಸೇವೆಗೆ 15 ಅಂಕಿಯ ಸಂಖ್ಯೆ ಬರುತ್ತದೆ, ಆಧಾರ್ ಕೇಂದ್ರದ ಚೀಟಿಯಲ್ಲಿ 14 ಅಂಕಿಯ ಸಂಖ್ಯೆ, ದಿನಾಂಕ, ವೇಳೆ ಇರುತ್ತವೆ. ಇವನ್ನು ಜೋಪಾನವಾಗಿ ಇಡಬೇಕು. ಈ ಸಂಖ್ಯೆ ಇಲ್ಲದ ಅರ್ಜಿ, ಬಾಯಲ್ಲಿ ಹೇಳಿ ಬಂದ ಅರ್ಜಿ, ಕಚೇರಿಯ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಪಿಂಚಣಿಯ ಅರ್ಜಿ ಗ್ರಾಮ ಆಡಳಿತಾಧಿಕಾರಿ, ಕಂದಾಯ ನಿರೀಕ್ಷಕರನ್ನು ದಾಟಿ ತಹಶೀಲ್ದಾರರಿಗೆ ಹೋಗುತ್ತದೆ. ಅಲ್ಲಿ ತಿರಸ್ಕಾರವಾದರೆ ಮೇಲ್ಮನವಿ ಸಹಾಯಕ ಆಯುಕ್ತರಿಗೆ. ಸೇಡಂ, ಚಿತ್ತಾಪುರ, ಚಿಂಚೋಳಿ ತಾಲೂಕುಗಳಿಗೆ ಆ ಕಚೇರಿ ಸೇಡಂನಲ್ಲಿದೆ. ಗೃಹಲಕ್ಷ್ಮಿಯ ದೂರು ಅಂಗನವಾಡಿ ಕಾರ್ಯಕರ್ತೆಯ ಮೂಲಕ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಹೋಗಬೇಕು. ಎಲ್ಲಿಯೂ ಉತ್ತರ ಸಿಗದಿದ್ದರೆ ರಾಜ್ಯದ ಕುಂದುಕೊರತೆ ಸಹಾಯವಾಣಿ 1902 ಇದೆ. ಗೃಹಲಕ್ಷ್ಮಿ ನೋಂದಣಿಗೆ ಶುಲ್ಕ ಇಲ್ಲ. ಒಟಿಪಿಯನ್ನು ಯಾರಿಗೂ ಕೊಟ್ಟುಬರಬಾರದು. ಪರದೆಯಲ್ಲಿ ಏನು ತೆರೆದಿದೆ ಎಂದು ಕೇಳದೆ ಬೆರಳು ಇಡಬಾರದು, ಅದೇ ಬೆರಳಿನಿಂದ ಖಾತೆಯ ಹಣವನ್ನೂ ತೆಗೆಯಬಹುದು.

ಕೇಂದ್ರಗಳಲ್ಲಿ, ನಾಡಕಚೇರಿಗಳಲ್ಲಿ ಕೆಲಸ ಮಾಡುವವರಲ್ಲಿ ಒಂದು ಬೇಡಿಕೆ ಉಳಿಯುತ್ತದೆ. ಅರ್ಜಿ ನಿಂತಾಗ ಯಾವ ದಿನ, ಯಾವ ಸಂಕೇತ, ಯಾವ ದಾಖಲೆ ಹೊಂದಲಿಲ್ಲ, ಮುಂದೆ ಯಾವ ಕಚೇರಿಗೆ ಹೋಗಬೇಕು ಎಂಬ ನಾಲ್ಕು ಮಾತನ್ನು ಕನ್ನಡದಲ್ಲಿ ಒಂದು ಚೀಟಿಯಲ್ಲಿ ಬರೆದು ಅರ್ಜಿದಾರರ ಕೈಗೆ ಕೊಡಬೇಕು. ಓದು ಬಾರದವರು ಆ ಚೀಟಿಯನ್ನು ಅಂಗನವಾಡಿ ಕಾರ್ಯಕರ್ತೆಗೋ ಶಾಲೆಗೆ ಹೋಗುವ ಮೊಮ್ಮಗಳಿಗೋ ತೋರಿಸಿ ಸರಿಯಾದ ಬಾಗಿಲಿಗೆ ಹೋಗುತ್ತಾರೆ. ಕೊಡದಿದ್ದರೆ ಕೇಳಿ ಪಡೆಯಬೇಕು.